1996ರ ಗುಮ್ಮನನ್ನು ತೋರಿಸಬೇಡಿ: ವಿನಿಪೆಗ್ ಜೆಟ್ಸ್ ಆಡಳಿತಕ್ಕೆ ಒಂದು ಬಹಿರಂಗ ಪತ್ರ

ಕೆನಡಾದ ವಿನಿಪೆಗ್ ಜೆಟ್ಸ್ ಐಸ್ ಹಾಕಿ ತಂಡವನ್ನು ನಡೆಸುವ ಟ್ರೂ ನಾರ್ತ್ ಸಂಸ್ಥೆಯ ಹಿರಿಯರಿಗೆ,

ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ. ನಿಮ್ಮ ಆಫೀಸಿನಲ್ಲಿ ಇದನ್ನು ಓದಬಲ್ಲವರು ಬಹುಶಃ ಒಬ್ಬರೂ ಇರಲಿಕ್ಕಿಲ್ಲ. ಇಂಗ್ಲಿಷಿಗೆ ಮಾಡಿಕೊಡುತ್ತೇನೆ ಅಂತ ಮಗಳು ಒಪ್ಪಿಕೊಂಡಿದ್ದಾಳೆ. ಆದರೂ ಮೊದಲು ಕನ್ನಡದಲ್ಲೇ ಬರೆದೆ. ಸಿಟ್ಟು, ಪ್ರೀತಿ ಎರಡೂ ಒಟ್ಟಿಗೆ ಬಂದಾಗ ನನ್ನ ಇಂಗ್ಲಿಷ್ ಸಾಲುವುದಿಲ್ಲ. ಜೊತೆಗೆ ಊರಿನಲ್ಲಿರುವ ನಮ್ಮವರೂ ಓದಲಿ ಅಂತ ಆಸೆ. "ಮಂಜಿನ ಮೇಲೆ ಕೋಲು ಹಿಡ್ಕೊಂಡು ಓಡಾಡೋ ಆಟಕ್ಕೆ ಇಷ್ಟೊಂದು ದುಡ್ಡು ಯಾಕೆ ಸುರೀತೀಯ?" ಅಂತ ಮದ್ದೂರಿನಿಂದ ನಮ್ಮಣ್ಣ ಪ್ರತಿ ಫೋನಿನಲ್ಲೂ ಕೇಳುತ್ತಾನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಈ ಊರಿಗೆ ಬಂದು 12 ಚಳಿಗಾಲ ಆಯಿತು. ಮೈನಸ್ 30 ಡಿಗ್ರಿಯಲ್ಲಿ ಕಾರಿನ ಎಂಜಿನ್‌ಗೆ ರಾತ್ರಿಯಿಡೀ ಕರೆಂಟ್ ಕೊಟ್ಟು ಬೆಚ್ಚಗಿಡಬೇಕು ಅನ್ನುವುದನ್ನು ಕಲಿತದ್ದು ಮೊದಲ ವರ್ಷ. ಐಸ್ ಹಾಕಿ ನೋಡುವುದನ್ನು ಕಲಿತದ್ದು ಎರಡನೇ ವರ್ಷ. ಪಕ್, ಅಂದರೆ ಚೆಂಡಿನ ಬದಲು ಹೊಡೆಯುವ ಆ ಚಪ್ಪಟೆ ರಬ್ಬರ್ ಬಿಲ್ಲೆ, ಎಲ್ಲಿದೆ ಅಂತ ಕಣ್ಣಿಗೆ ಕಾಣಿಸಲು ಶುರುವಾಗಿದ್ದು ಮೂರನೇ ವರ್ಷ! ಅಷ್ಟರಲ್ಲಿ ನಾವು ನಾಲ್ಕು ಮನೆಯವರು ಸೇರಿ ಎರಡು ಸೀಟಿನ ಸೀಸನ್ ಟಿಕೆಟ್ ತೆಗೆದುಕೊಂಡಿದ್ದೆವು.

ಈ ಹಂಚಿಕೆಯ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಸೀಸನ್‌ನಲ್ಲಿ ಊರಿನಲ್ಲೇ 40ಕ್ಕೂ ಜಾಸ್ತಿ ಪಂದ್ಯ ಇರುತ್ತವೆ. ಅಷ್ಟೂ ನೋಡುವ ದುಡ್ಡು, ಪುರುಸೊತ್ತು ಸಂಬಳದ ಮನೆಗಳಿಗೆ ಇರುವುದಿಲ್ಲ. ಅದಕ್ಕೇ ವೇಳಾಪಟ್ಟಿ ಬಂದ ಮೇಲೆ ಒಂದು ಶನಿವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ನಾವು ಮದ್ದೂರಿನವರು, ಒಂದು ಪಂಜಾಬಿ ಮನೆ, 2023ರವರೆಗೆ ಒಂದು ಫಿಲಿಪಿನೊ ಮನೆ, ಇನ್ನೊಂದು ಪಕ್ಕದ ಬೀದಿಯ ಹಿರಿಯ ಉಕ್ರೇನಿಯನ್ ದಂಪತಿ. ಚೀಟಿ ಎತ್ತಿ ಸರದಿ ಹಾಕುತ್ತೇವೆ. ಮೊದಲ ಚೀಟಿ ಬಂದವರು ಕಣ್ಣು ಮುಚ್ಚಿಕೊಂಡು ಟೊರಾಂಟೊ ಪಂದ್ಯ ಎತ್ತಿಕೊಳ್ಳುತ್ತಾರೆ. ಮಂಗಳವಾರದ ಪಂದ್ಯಗಳು ಕೊನೆಗೆ ನನ್ನ ಪಾಲಿಗೆ ಬರುತ್ತವೆ. ಜಗಳ ಆಗುತ್ತದೆ, ಅದಲು ಬದಲು ಆಗುತ್ತದೆ, ಚಿತ್ರಾನ್ನ ಖಾಲಿಯಾಗುತ್ತದೆ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಇದೆಲ್ಲ ಒಂದೇ ಒಂದು ಗ್ರಾಹಕ ಸಂಖ್ಯೆ. ನಮಗೆ ಅದು ವರ್ಷಕ್ಕೊಂದು ಹಬ್ಬ.

ಇಂಥ ಮನೆಗಳ ಮೇಲೇ ನಿಮ್ಮ ತಂಡ ನಿಂತಿದೆ. ಟೊರಾಂಟೊ, ಮಾಂಟ್ರಿಯಲ್‌ನಂಥ ಊರುಗಳಲ್ಲಿ ಸೀಸನ್ ಟಿಕೆಟ್‌ಗಳನ್ನು ದೊಡ್ಡ ಕಂಪನಿಗಳು ರಾಶಿ ರಾಶಿ ಕೊಳ್ಳುತ್ತವೆ. ವಿನಿಪೆಗ್‌ನಲ್ಲಿ ಅಂಥ ಕಂಪನಿಗಳು ಕಡಿಮೆ. ಇಲ್ಲಿ ಬಹುಪಾಲು ಟಿಕೆಟ್ ಇರುವುದು ನಮ್ಮಂಥ ವ್ಯಕ್ತಿಗಳ, ಮನೆಗಳ, ಗೆಳೆಯರ ಗುಂಪುಗಳ ಕೈಯಲ್ಲಿ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನೀವೇ ಬಾಯಿಬಿಟ್ಟು ಹೇಳಿದ್ದೀರಿ.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

2011ರ ಮೇ 31ರಂದು ಅಟ್ಲಾಂಟ ತಂಡವನ್ನು ಕೊಂಡು ಈ ಊರಿಗೆ ತರುತ್ತಿದ್ದೇವೆ ಅಂತ ನೀವು ಪ್ರಕಟಿಸಿದಾಗ 13,000 ಸೀಸನ್ ಟಿಕೆಟ್ ಮಾರುವ ಗುರಿ ಇಟ್ಟಿರಿ. ಒಂದು ವಾರವೂ ಬೇಕಾಗಲಿಲ್ಲ. ಸಾರ್ವಜನಿಕರಿಗೆ ಬಾಗಿಲು ತೆರೆದ ದಿನ ಉಳಿದ ಟಿಕೆಟ್‌ಗಳು 17 ನಿಮಿಷದಲ್ಲಿ ಖಾಲಿ. ಸಿಗದವರ ಕಾಯುವ ಪಟ್ಟಿ 8,000ಕ್ಕೆ ನಿಂತಿತು. ಜನ ಮೂರು ವರ್ಷ, ಐದು ವರ್ಷಕ್ಕೆ ಬರೆದುಕೊಟ್ಟರು. ತಂಡಕ್ಕೆ ಇನ್ನೂ ಹೆಸರೇ ಇಟ್ಟಿರಲಿಲ್ಲ! ಹೆಸರಿಲ್ಲದ ಕೂಸಿಗೆ ಊರಿಗೆ ಊರೇ ತೊಟ್ಟಿಲು ತಂದಿತು.

ಆಮೇಲೆ ಕೋವಿಡ್ ಬಂತು, ಖಾಲಿ ಅಂಗಣದಲ್ಲಿ ಆಟ ನಡೆಯಿತು. ಬಡ್ಡಿ ಏರಿತು, ದಿನಸಿ ಬೆಲೆ ಏರಿತು. ಸೀಸನ್ ಟಿಕೆಟ್‌ಗಳು ಮೂರು ವರ್ಷದಲ್ಲಿ ಶೇಕಡ 27ರಷ್ಟು ಕುಸಿದು 2024ರ ಫೆಬ್ರುವರಿ ಹೊತ್ತಿಗೆ 9,500ರ ಹತ್ತಿರ ಬಂದು ನಿಂತವು. ಆಗ ನಿಮ್ಮ ಮುಖ್ಯಸ್ಥ ಮಾರ್ಕ್ ಚಿಪ್‌ಮನ್ ಪತ್ರಿಕೆಯ ಮುಂದೆ ಮಾತಾಡಿದರು. ಮತ್ತೆ 13,000ಕ್ಕೆ ಹೋಗಲೇಬೇಕು, ಈಗಿನ ಸ್ಥಿತಿ ಬಹಳ ಕಾಲ ನಡೆಯುವಂಥದ್ದಲ್ಲ ಅಂದರು. ಅದಕ್ಕೂ ಒಂದು ವರ್ಷ ಮೊದಲು, 2023ರ ವಸಂತದಲ್ಲಿ, 'ಫಾರೆವರ್ ವಿನಿಪೆಗ್' ಅನ್ನುವ ಟಿಕೆಟ್ ಪ್ರಚಾರ ಶುರು ಮಾಡಿದ್ದಿರಿ. ಹಳೆಯ ತಂಡ ಊರು ಬಿಟ್ಟ ದಿನಗಳ ನೆನಪನ್ನೂ ಅದರಲ್ಲಿ ತಂದಿರಿ.

ಸುಮ್ನೆ ಒಂದು ನೆನಪು ಅಂತ ನೀವು ಅಂದುಕೊಂಡಿರಬಹುದು. ಊರಿನ ಎಷ್ಟೋ ಜನಕ್ಕೆ ಹಾಗೆ ಕೇಳಿಸಲಿಲ್ಲ. ನಮ್ಮ ಕಡೆ ಮಗು ಅನ್ನ ತಿನ್ನದಿದ್ದರೆ "ಗುಮ್ಮ ಬರ್ತಾನೆ" ಅಂತ ಹೆದರಿಸುತ್ತಾರೆ. ನಿಮ್ಮ ಗುಮ್ಮನ ಹೆಸರು 1996.

ಊರಿನ ನಮ್ಮವರಿಗಾಗಿ ಆ ಕತೆ ಹೇಳುತ್ತೇನೆ. ಮೊದಲ ಜೆಟ್ಸ್ ತಂಡ ಹುಟ್ಟಿದ್ದು 1972ರಲ್ಲಿ. ಆ ವರ್ಷ ಊರಿನ ದೊಡ್ಡ ಸರ್ಕಲ್ಲಿನಲ್ಲಿ, ಪೋರ್ಟೇಜ್ ಮತ್ತು ಮೇನ್ ರಸ್ತೆ ಕೂಡುವಲ್ಲಿ, ಆ ಕಾಲದ ದೊಡ್ಡ ಸ್ಟಾರ್ ಬಾಬಿ ಹಲ್‌ಗೆ 10 ಲಕ್ಷ ಡಾಲರಿನ ಚೆಕ್ ಕೊಟ್ಟು ತಂಡಕ್ಕೆ ಸೇರಿಸಿಕೊಂಡರು. 1979ರಲ್ಲಿ ತಂಡ ಇಲ್ಲಿನ ಅತಿ ದೊಡ್ಡ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಸೇರಿತು. 90ರ ದಶಕದಲ್ಲಿ ಆಟಗಾರರ ಸಂಬಳ ಗಗನಕ್ಕೇರಿತು. ಸಂಬಳ ಅಮೆರಿಕನ್ ಡಾಲರಿನಲ್ಲಿ, ಆದಾಯ ಸೊರಗಿದ ಕೆನಡ ಡಾಲರಿನಲ್ಲಿ. ಸಂಬಳಕ್ಕೊಂದು ಮಿತಿ ಅನ್ನುವುದು ಆಗ ಇರಲಿಲ್ಲ, ಅದು ಬಂದದ್ದು 2005ರಲ್ಲಿ. ಸಣ್ಣ ಊರು ತಾಳಲಿಲ್ಲ. 1995ರ ಬೇಸಿಗೆಗೆ ಮುಂಚೆ ತಂಡವನ್ನು ಉಳಿಸಿಕೊಳ್ಳಲು ಊರು ಬೀದಿಗೆ ಬಂತು. ಫೋರ್ಕ್ಸ್ ಮೈದಾನದಲ್ಲಿ ಸಾವಿರಾರು ಜನ ಸೇರಿದರು. ಮಕ್ಕಳು ತಮ್ಮ ಹುಂಡಿ ಒಡೆದು ಚಿಲ್ಲರೆ ತಂದರು.

ನಮ್ಮ ಟಿಕೆಟ್ ಗುಂಪಿನ ಉಕ್ರೇನಿಯನ್ ತಾತನ ಮಗಳು ಹಾಗೆ ಹುಂಡಿ ತಂದವಳು. ತಂಡ ಇನ್ನೊಂದು ವರ್ಷ ಉಳಿಯಿತು, ಅಷ್ಟೇ. 1996ರ ಏಪ್ರಿಲ್ 28ರಂದು ಡೆಟ್ರಾಯ್ಟ್ ವಿರುದ್ಧ ಕೊನೆಯ ಪಂದ್ಯ ಸೋತು, ಅರಿಜೋನಾದ ಮರಳುಗಾಡಿನ ಫೀನಿಕ್ಸ್‌ಗೆ ಹೊರಟಿತು. ಈಗ ಆಕೆಗೆ 40 ದಾಟಿದೆ. ಮೊನ್ನೆ ಮೊನ್ನೆ ಈ ಮಾತು ಬಂದಾಗ ತಾತ ಹೇಳಿದ್ದು: "ಅವಳು ಅತ್ತಿದ್ದು ದುಡ್ಡು ಹೋಯಿತು ಅಂತ ಅಲ್ಲ. ದುಡ್ಡು ಸಾಕಾಗಲಿಲ್ಲ, ತಪ್ಪು ತನ್ನದೇ ಅಂದುಕೊಂಡು ಅತ್ತಳು."

ಒಂದು ನಿಮಿಷ ಇದನ್ನು ಯೋಚಿಸಿ. ಆ ಮಗುವಿನ ತಪ್ಪು ಏನಿತ್ತು? ವಿನಿಮಯ ದರ ಅವಳ ಕೈಯಲ್ಲಿತ್ತಾ? ಆಟಗಾರರ ಒಪ್ಪಂದ ಅವಳು ಮಾಡಿದ್ದಳಾ? ಹೊಸ ಅಂಗಣ ಕಟ್ಟದೆ ಬಿಟ್ಟವಳು ಅವಳಾ? ತೀರ್ಮಾನ ಮಾಡಿದವರು ಯಾರೋ, ನೋವು ಹೊತ್ತವಳು ಇವಳು. ಅದೇ ಗಾಯವನ್ನು ತೋರಿಸಿ 27 ವರ್ಷದ ಮೇಲೆ ಅವಳಿಗೆ ಟಿಕೆಟ್ ಮಾರಲು ಹೊರಟರೆ ಹೇಗಿರುತ್ತದೆ ಹೇಳಿ.

ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. 2025-26ರಲ್ಲಿ ಒಂದು ತಂಡದ ಸಂಬಳದ ಮಿತಿ 9.55 ಕೋಟಿ ಅಮೆರಿಕನ್ ಡಾಲರ್. ನ್ಯೂಯಾರ್ಕಿಗೂ ಅದೇ, ವಿನಿಪೆಗ್‌ಗೂ ಅದೇ. ನಿಮ್ಮ ಅಂಗಣದಲ್ಲಿ ಕೂರುವುದು 15,000ಕ್ಕೆ ಸ್ವಲ್ಪ ಮೇಲೆ, ಲೀಗ್‌ನ ತೀರಾ ಚಿಕ್ಕ ಅಂಗಣಗಳಲ್ಲಿ ಒಂದು. ಇಂಥ ಊರಿಗೆ ತಂಡ ತಂದದ್ದೇ ಎದೆಗಾರಿಕೆ. ತಂಡದ ದೊಡ್ಡ ಆಟಗಾರರಾದ ಕೊನ್ನರ್ ಹೆಲ್ಲೆಬಕ್, ಮಾರ್ಕ್ ಶೈಫಲಿ ಇಬ್ಬರನ್ನೂ 2023ರ ಅಕ್ಟೋಬರಿನಲ್ಲಿ ಒಂದೇ ದಿನ ಏಳು ವರ್ಷಕ್ಕೆ ಉಳಿಸಿಕೊಂಡಿರಿ. ಅವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೋಳಿಗೆಯ ಫೋಟೊ ಹರಿದಾಡಿತು. ಡೇವಿಡ್ ಥಾಮ್ಸನ್ ಅವರಂಥ ಶ್ರೀಮಂತ ಪಾಲುದಾರರು ಇದ್ದಾರಲ್ಲ, ಇನ್ನೇನು ಕಷ್ಟ ಅಂತ ಕೆಲವರು ಕೊಂಕು ತೆಗೆಯುತ್ತಾರೆ. ನಾನು ಆ ಗುಂಪಿನವನಲ್ಲ. ಬೇರೆಯವರ ಜೇಬು ಎಣಿಸುವುದು ನನ್ನ ಕೆಲಸವಲ್ಲ. ತಂಡ ತನ್ನ ದುಡಿಮೆಯಲ್ಲೇ ನಿಲ್ಲಬೇಕು ಅನ್ನುವುದು ಸರಿಯಾದ ಮಾತೇ.

ನನ್ನ ತಕರಾರು ಒಂದೇ. ಕಷ್ಟ ಬಂದಾಗ ನಮ್ಮನ್ನು 'ಮನೆಯವರು' ಅನ್ನುತ್ತೀರಿ. ತೀರ್ಮಾನ ಮಾಡುವಾಗ ನಾವು ಗಿರಾಕಿಗಳು. ಮನೆಯವರು ಅಂದರೆ ಮನೆಯ ಸಾಲದ ಲೆಕ್ಕವನ್ನೂ ತೋರಿಸಬೇಕು, ಅಲ್ವಾ? ಗಿರಾಕಿ ಅಂದರೆ ಅಂಗಡಿ ಬದಲಾಯಿಸಿದಾಗ ಕಣ್ಣೀರು ಹಾಕಿಸಬಾರದು. ಎರಡರಲ್ಲಿ ಯಾವುದಾದರೂ ಒಂದು ಆಗಲಿ.

ನಮ್ಮಪ್ಪ ಊರಿನ ಹಾಲಿನ ಸೊಸೈಟಿಯ ಸದಸ್ಯರಾಗಿದ್ದರು. ಎರಡು ಹಸು, ದಿನಕ್ಕೆ ಹತ್ತು ಹನ್ನೆರಡು ಲೀಟರ್ ಹಾಲು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ. ಅಪ್ಪ ಬಿಳಿ ಪಂಚೆ ಉಟ್ಟುಕೊಂಡು ಹೋಗಿ, ಎದ್ದು ನಿಂತು, ಬೋನಸ್ ಯಾಕೆ ಕಮ್ಮಿ ಆಯಿತು, ಫ್ಯಾಟ್ ಅಳೆಯೋ ಯಂತ್ರ ಯಾವಾಗ ರಿಪೇರಿ ಮಾಡಿಸಿದಿರಿ ಅಂತ ಕೇಳುತ್ತಿದ್ದರು. ಕಾರ್ಯದರ್ಶಿ ಬೆವರು ಒರೆಸಿಕೊಂಡು ಲೆಕ್ಕ ಓದಬೇಕಿತ್ತು. ಇಪ್ಪತ್ತು ಹಸು ಇದ್ದವರಿಗೂ ಒಂದೇ ಓಟು, ಅಪ್ಪನಿಗೂ ಒಂದೇ ಓಟು.

ಸ್ವೀಡನ್ನಿನ ಹಾಕಿ ಕ್ಲಬ್ಬುಗಳ ಬಗ್ಗೆ ಕೇಳಿದಾಗ ನನಗೆ ಥಟ್ಟನೆ ಅಪ್ಪನ ಆ ಸಭೆ ನೆನಪಾಯಿತು. ನನ್ನ ಭಾವಮೈದ ಸ್ಟಾಕ್‌ಹೋಮ್‌ನಲ್ಲಿದ್ದಾನೆ, ಯೂರ್ಗೋರ್ಡೆನ್ ಕ್ಲಬ್ಬಿನ ಸದಸ್ಯ. ಸ್ವೀಡನ್ನಿನ ಕ್ಲಬ್ಬುಗಳು ಮೂಲದಲ್ಲಿ ಸದಸ್ಯರ ಸಂಘಗಳು. 1999ರಿಂದ ಕಂಪನಿ ಮಾಡಿಕೊಳ್ಳಲು ಅವಕಾಶ ಸಿಕ್ಕಿದೆ. ಆದರೆ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. '51 ಪರ್ಸೆಂಟ್ ನಿಯಮ' ಅನ್ನುತ್ತಾರೆ. ವಾರ್ಷಿಕ ಸಭೆಯಲ್ಲಿ ಸ್ಟ್ಯಾಂಡಿನಲ್ಲಿ ನಿಂತು ಹಾಡುವ ಹುಡುಗನೂ ಎದ್ದು ಪ್ರಶ್ನೆ ಕೇಳಬಹುದು. ಅದರಿಂದ ತಂಡ ಗೆಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಸ್ವೀಡನ್ನಿನಲ್ಲಿ ಅತಿ ಹೆಚ್ಚು ಸಲ ಚಾಂಪಿಯನ್ ಆದ ಯೂರ್ಗೋರ್ಡೆನ್ 2022ರಲ್ಲಿ ಕೆಳಗಿನ ಲೀಗ್‌ಗೆ ಜಾರಿತು, ಮೇಲೆ ಬರಲು 2025 ಆಯಿತು. ಆದರೆ ಆ ಮೂರು ವರ್ಷದಲ್ಲಿ ಕ್ಲಬ್ ಬೇರೆ ಊರಿಗೆ ಹೋಗುತ್ತದೆ ಅಂತ ಯಾರೂ ಭಾವಮೈದನನ್ನು ಹೆದರಿಸಲಿಲ್ಲ. ಹೋಗಬೇಕಾದರೆ ಸದಸ್ಯರೇ ಕೈ ಎತ್ತಬೇಕಲ್ಲ!

ಅದು ಯುರೋಪು, ಇಲ್ಲಿ ನಡೆಯಲ್ಲ ಅನ್ನುತ್ತೀರಾ? ಅಷ್ಟು ದೂರ ಹೋಗುವುದೇ ಬೇಡ. ಇದೇ ಊರಿನ ಕೆನಡಿಯನ್ ಫುಟ್‌ಬಾಲ್ ತಂಡ ಬ್ಲೂ ಬಾಂಬರ್ಸ್ ಯಾವ ಶ್ರೀಮಂತನದೂ ಅಲ್ಲ, ಲಾಭಕ್ಕಾಗಿ ನಡೆಯದ ಸಮುದಾಯದ ಸಂಸ್ಥೆ. 2019, 2021 ಎರಡೂ ಸಲ ಆ ಆಟದ ದೊಡ್ಡ ಪ್ರಶಸ್ತಿಯಾದ ಗ್ರೇ ಕಪ್ ಗೆದ್ದದ್ದು ಅದೇ ತಂಡ. ಒಂಟಾರಿಯೊದ ಕಿಚನರ್ ರೇಂಜರ್ಸ್ ಅನ್ನುವ ಜೂನಿಯರ್ ಹಾಕಿ ಕ್ಲಬ್ಬಿನಲ್ಲಿ ಸೀಸನ್ ಟಿಕೆಟ್ ಇರುವವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಟಿಕೆಟ್ ಕೊಂಡವನಿಗೆ ಓಟು! ಕೆನಡಾದಲ್ಲೇ, ಹಾಕಿಯಲ್ಲೇ.

ಜೆಟ್ಸ್ ತಂಡವನ್ನು ನಮಗೆ ಬರೆದುಕೊಡಿ ಅಂತ ನಾನು ಕೇಳುತ್ತಿಲ್ಲ. ಅಷ್ಟು ದಡ್ಡನಲ್ಲ. ಕೇಳುವುದು ಒಂದು ಅಭಿಮಾನಿಗಳ ಸಮಿತಿ. ನೀವು ಆರಿಸಿದವರಲ್ಲ, ಸೀಸನ್ ಟಿಕೆಟ್ ಇರುವವರು ಓಟು ಹಾಕಿ ಆರಿಸಿದವರು. ಅದರಲ್ಲಿ ಕೆಲವು ಜಾಗ ಟಿಕೆಟ್ ಬಿಟ್ಟುಹೋದವರಿಗೂ ಇರಲಿ. ಇದು ಮುಖ್ಯ. 13,000ದಿಂದ 9,500ಕ್ಕೆ ಇಳಿದಾಗ ನಡುವೆ ಕಳೆದುಹೋದ 3,500 ಸೀಟಿನ ಕತೆ ಗೊತ್ತಿರುವುದು ಅವರಿಗೇ. ನಮ್ಮ ಗುಂಪಿನ ಫಿಲಿಪಿನೊ ಮನೆ 2023ರಲ್ಲಿ ಹೊರಗೆ ಬಂತು. ಮನೆ ಸಾಲದ ಕಂತು ಏರಿದ್ದಕ್ಕೆ. ಆಟದ ಮೇಲಿನ ಪ್ರೀತಿ ಒಂದು ಗುಲಗಂಜಿ ತೂಕವೂ ಕಮ್ಮಿಯಾಗಿರಲಿಲ್ಲ. ಕಾಲು ಸೀಸನ್ನಿನ ಟಿಕೆಟ್ಟಿಗೆ ಸುಲಭ ಕಂತು ಸಿಕ್ಕಿದ್ದರೆ ಅವರು ಉಳಿಯುತ್ತಿದ್ದರು. ಇಂಥದ್ದನ್ನು ಜಾಹೀರಾತಿನ ಕಂಪನಿ ಹೇಳುವುದಿಲ್ಲ, ಅವರನ್ನೇ ಎದುರು ಕೂರಿಸಿ ಕೇಳಬೇಕು.

ಆ ಸಮಿತಿಯ ಜೊತೆ ಸೀಸನ್ನಿಗೆ ಮೂರು ನಾಲ್ಕು ಸಲ ಮಾಲೀಕರೇ ಕೂರಲಿ, ಮಾರ್ಕೆಟಿಂಗ್ ವಿಭಾಗದ ಹುಡುಗರನ್ನು ಕಳಿಸಿ ಕೈತೊಳೆದುಕೊಳ್ಳುವುದು ಬೇಡ. ಟಿಕೆಟ್ ಬೆಲೆ, ಮರುಮಾರಾಟದ ನಿಯಮ ಬದಲಾಗುವ ಮುಂಚೆ ಅಲ್ಲಿ ಚರ್ಚೆಯಾಗಲಿ. ಒಪ್ಪಲೇಬೇಕು ಅಂತಿಲ್ಲ, ಒಪ್ಪದಿದ್ದರೆ ಕಾರಣ ಹೇಳಲಿ. ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಅಭಿಮಾನಿಗಳ ಮತ್ತು ಆಡಳಿತದ ನಡುವೆ ಓಡಾಡಲೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ಅಂಥವರು ನಮಗೂ ಒಬ್ಬರು ಬೇಕು. ಮತ್ತೆ, ತಂಡ ಉಳಿಯಲು 13,000 ಬೇಕು ಅನ್ನುವ ಲೆಕ್ಕ ಹೇಗೆ ಬಂತು? 12,000 ಆದರೆ ಏನಾಗುತ್ತದೆ? ಎಲ್ಲ ಗುಟ್ಟು ಬಿಚ್ಚಬೇಡಿ. ಒಂದು ಹಾಳೆಯಷ್ಟು ತೋರಿಸಿ ಸಾಕು. ಹಾಲಿನ ಸೊಸೈಟಿಯ ಕಾರ್ಯದರ್ಶಿ ತೋರಿಸುತ್ತಿದ್ದರು.

ಇನ್ನು ನಮ್ಮ ತಪ್ಪುಗಳು. ಇವೆ. ನಮಗೆ ಒಂದು ಸಂಘಟನೆ ಇಲ್ಲ. ಆನ್‌ಲೈನಿನಲ್ಲಿ ಕೂಗಾಡುತ್ತೇವೆ, ಹೆಸರು ಹಾಕಿ ಒಂದು ಪತ್ರ ಬರೆಯುವುದಿಲ್ಲ. ಸೋತಾಗ ಮನೆಯಲ್ಲಿ ಕೂರುತ್ತೇವೆ, ಗೆದ್ದಾಗ ಬಿಳಿ ಅಂಗಿ ಹಾಕಿಕೊಂಡು ಓಡಿ ಬರುತ್ತೇವೆ. ಟೊರಾಂಟೊ ಪಂದ್ಯದ ಟಿಕೆಟ್ಟನ್ನು ಒಳ್ಳೆ ಬೆಲೆಗೆ ಮಾರಿ, ಆಮೇಲೆ ನಮ್ಮ ಅಂಗಣದ ತುಂಬ ಟೊರಾಂಟೊದವರ ನೀಲಿ ಜರ್ಸಿ ಕಂಡಾಗ ಗೊಣಗುತ್ತೇವೆ. ಚೀಟಿಯಲ್ಲಿ ಮೊದಲ ಸರದಿ ಬಂದ ಒಂದೇ ಒಂದು ವರ್ಷ ನಾನೂ ಮಾರಿದ್ದೇನೆ. ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ.

ಇನ್ನೊಂದು ಮಾತು ನಾವು ಯಾರೂ ಜೋರಾಗಿ ಹೇಳುವುದಿಲ್ಲ. 2011ರಲ್ಲಿ ನಾವು ಕುಣಿದ ದಿನ ಅಟ್ಲಾಂಟದಲ್ಲಿ ಯಾವುದೋ ಮಗು ಅತ್ತಿರಬೇಕು. ಅಟ್ಲಾಂಟಕ್ಕೆ ಅದು ಎರಡನೇ ಸಲ. 1980ರಲ್ಲಿ ಅವರ ಫ್ಲೇಮ್ಸ್ ತಂಡವನ್ನು ಕ್ಯಾಲ್ಗರಿ ಕೊಂಡೊಯ್ದಿತ್ತು. ನಮ್ಮಿಂದ ಫೀನಿಕ್ಸ್‌ಗೆ ಹೋದ ತಂಡದ ಕತೆ ಗೊತ್ತೇ ಇದೆ. 2023ರ ಮೇ ತಿಂಗಳಲ್ಲಿ ಟೆಂಪಿ ಊರಿನ ಮತದಾರರು ಹೊಸ ಅಂಗಣ ಬೇಡ ಅಂದರು. ಮುಂದಿನ ಏಪ್ರಿಲ್‌ನಲ್ಲಿ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಗೆ ಹೊರಟರು. ಆ ಸುದ್ದಿ ನೋಡುವಾಗ ತಾತ ಟಿವಿ ಆರಿಸಿದರು. ಸೇಡು ತೀರಿತು ಅಂತ ಅವರು ನಗಲಿಲ್ಲ. ಅಲ್ಲಿ ಅಳುತ್ತಿದ್ದ ಹುಡುಗರಲ್ಲಿ ಅವರಿಗೆ ಮಗಳು ಕಂಡಿರಬೇಕು.

ಈ ಆಟದಲ್ಲಿ ತಂಡಗಳು ಹೋಗಬಲ್ಲವು ಅನ್ನುವುದು ನಮಗೆ ಗೊತ್ತಿದೆ ಸ್ವಾಮಿ. ಪ್ರಪಂಚದಲ್ಲಿ ಬೇರೆ ಯಾವ ಊರಿಗಾದರೂ ನೀವು ಅದನ್ನು ನೆನಪಿಸಬಹುದು, ಈ ಊರಿಗೆ ಬೇಕಾಗಿಲ್ಲ.

ಈ ಊರಿನ ಪ್ರೀತಿ ಎಂಥದ್ದು ಅಂತ ನಮ್ಮಣ್ಣನಿಗೆ ಹೇಳಬೇಕಾದರೆ ನಾನು ರಾಷ್ಟ್ರಗೀತೆಯ ವಿಷಯ ಹೇಳುತ್ತೇನೆ. ಪಂದ್ಯಕ್ಕೆ ಮುಂಚೆ 'ಓ ಕೆನಡ' ಹಾಡುವಾಗ 'ಟ್ರೂ ನಾರ್ತ್' ಅನ್ನುವ ಎರಡು ಪದ ಬಂದ ಕೂಡಲೇ ಇಡೀ ಅಂಗಣ ಗಂಟಲು ಹರಿಯುವಂತೆ ಕೂಗುತ್ತದೆ. ತಂಡ ತಂದುಕೊಟ್ಟ ನಿಮ್ಮ ಸಂಸ್ಥೆಗೆ ಅದು ಥ್ಯಾಂಕ್ಸ್. ದೇಶದ ಗೀತೆಯ ನಡುವೆ ಒಂದು ಕಂಪನಿಯ ಹೆಸರನ್ನು ಜನ ಪ್ರೀತಿಯಿಂದ ಕೂಗುವ ಊರು ಇನ್ನೊಂದಿದ್ದರೆ ತೋರಿಸಿ. ನಮ್ಮ ಬೆಂಗಳೂರಿನವರು ಒಂದು ಕಪ್ಪಿಗಾಗಿ 18 ಸೀಸನ್ ಕಾದ ಜನ, ಅವರೂ ಮಾಲೀಕರ ಕಂಪನಿಗೆ ಜೈ ಅಂದದ್ದು ನಾನು ಕೇಳಿಲ್ಲ.

2025ರ ಮೇ 4ರ ರಾತ್ರಿ ನಿಮಗೂ ನೆನಪಿರುತ್ತದೆ. ಆ ಸೀಸನ್ನಿನಲ್ಲಿ 116 ಅಂಕ ಗಳಿಸಿ ಇಡೀ ಲೀಗ್‌ನಲ್ಲಿ ಮೊದಲ ಸ್ಥಾನ. ಆದರೂ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಸೇಂಟ್ ಲೂಯಿಸ್ ವಿರುದ್ಧ ಏಳನೇ, ಅಂದರೆ ನಿರ್ಣಾಯಕ ಪಂದ್ಯದಲ್ಲಿ ಸೋಲು ಎದುರಿಗೇ ನಿಂತಿತ್ತು. ಬಿಳಿ ಬಟ್ಟೆ ತೊಟ್ಟ ಊರು ಉಸಿರು ಹಿಡಿದಿತ್ತು. 1987ರಲ್ಲಿ ಕ್ಯಾಲ್ಗರಿ ಅಭಿಮಾನಿಗಳ ಕೆಂಪು ಬಟ್ಟೆಗೆ ಎದುರಾಗಿ ಶುರುವಾದ ಬಿಳಿ ಅದು. ಗಡಿಯಾರದಲ್ಲಿ 1.6 ಸೆಕೆಂಡ್ ಉಳಿದಿದ್ದಾಗ ಕೋಲ್ ಪರ್ಫೆಟ್ಟಿ ಸಮ ಮಾಡಿದ. ಎರಡನೇ ಓವರ್‌ಟೈಮಿನಲ್ಲಿ ಆಡಮ್ ಲೌರಿ ಗೆಲ್ಲಿಸಿದ. ನನ್ನ ಪಕ್ಕದ ಸೀಟಿನ ಅಪರಿಚಿತ ನನ್ನನ್ನು ಎತ್ತಿಕೊಂಡೇ ಬಿಟ್ಟ. ನಾನು 82 ಕೆಜಿ ಇದ್ದೇನೆ.

ಅದಾದ ಎರಡು ವಾರಕ್ಕೆ ಡಲ್ಲಾಸ್‌ನಲ್ಲಿ ಮುಂದಿನ ಸುತ್ತಿನ ಆರನೇ ಪಂದ್ಯ. ಹಿಂದಿನ ರಾತ್ರಿ ಶೈಫಲಿಯ ತಂದೆ ತೀರಿಕೊಂಡಿದ್ದರು. ಆತ ಆಡಿದ, ಗೋಲ್ ಹೊಡೆದ, ತಂಡ ಸೋತು ಹೊರಬಿತ್ತು. ಅವತ್ತು ನಮ್ಮ ಮನೆಯಲ್ಲಿ ಸೋತದ್ದರ ಬಗ್ಗೆ ಯಾರೂ ಮಾತಾಡಲಿಲ್ಲ. ಫಿಲಿಪಿನೊ ಮನೆಯ ಅಮ್ಮ ಒಂದು ಮೇಣದ ಬತ್ತಿ ಹಚ್ಚಿದರು. ಟಿಕೆಟ್ ಇಲ್ಲದವರು, ನಿಮ್ಮ ಪಟ್ಟಿಯಿಂದ ಹೆಸರು ಬಿಟ್ಟುಹೋದವರು.

ಅವರನ್ನು ಮತ್ತೆ ಕರೆಯಬೇಕಾದರೆ ಹಳೆಯ ವಿಡಿಯೊ ಬೇಡ. ಹೆದರಿಸಿ ಸೀಟಿನಲ್ಲಿ ಕೂರಿಸಬೇಡಿ, ಎದುರು ಕೂರಿಸಿಕೊಂಡು ಮಾತಾಡಿ.

ಮುಂದಿನ ಸೀಸನ್ನಿನ ವೇಳಾಪಟ್ಟಿ ಬಂದ ಮೊದಲ ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಚೀಟಿ ಎತ್ತುತ್ತೇವೆ. ಈ ಸಲ ಫಿಲಿಪಿನೊ ಮನೆಯವರನ್ನೂ ಕರೆದಿದ್ದೇನೆ, ಟಿಕೆಟ್ ಇರಲಿ ಬಿಡಲಿ. ನಿಮ್ಮಲ್ಲಿ ಒಬ್ಬರು ಬಂದು ಒಂದು ಗಂಟೆ ಕೂತು ಹೋಗಿ. ಭಾಷಣ ಬೇಡ. ಟೊರಾಂಟೊ ಪಂದ್ಯಕ್ಕೆ ಹೇಗೆ ಜಗಳ ಆಡುತ್ತೇವೆ ಅಂತ ನೋಡಿ. ಚಿತ್ರಾನ್ನಕ್ಕೆ ಖಾರ ಕಮ್ಮಿ ಹಾಕಿಸುತ್ತೇನೆ.

ಇಂತಿ,
ಮೇಲಿನ ಸಾಲಿನ ಎರಡು ಸೀಟಿನಲ್ಲಿ ಕಾಲು ಪಾಲುದಾರ,
ವಿನಿಪೆಗ್